ತಲೆ ಎತ್ತಿದರೆ ಬೆಳಕು

ಈ ದೀಪಕ್ಕೆ ಗುಂಡಿ ಇಲ್ಲ.
ತಲೆ ಎತ್ತಿದರೆ ಹತ್ತುತ್ತದೆ, ಬಗ್ಗಿಸಿದರೆ ಆರುತ್ತದೆ.
ಕುತ್ತಿಗೆಯೊಳಗೆ ಒಂದು ಹನಿ ಪಾದರಸ, ಅಷ್ಟೆ ಗುಟ್ಟು.
ಈಗ ಮಿಲಾನಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೂತಿದೆ,
ಹಗಲಿಡೀ ತಲೆ ಎತ್ತಿಕೊಂಡು.
ಪಕ್ಕದ ಚೀಟಿಯಲ್ಲಿ ಎರಡು ಹೆಸರು:
ಎರ್ಸಿಲಿಯಾ ವಿಮೆರ್ಕಾಟಿ, ಡೆಲ್ಫೊ ಕ್ವಾಲ್ಯ.
ನನ್ನದಿಲ್ಲ. ಇರಬೇಕಾಗಿಯೂ ಇಲ್ಲ.
ನಾನು ತಗಡು ತಿರುವಿದವನು.

ಕಾಲುವೆಯಂಚಿನ ಹಳೆಯ ಬ್ರೆಡ್ಡಿನ ಭಟ್ಟಿಯೇ ಅವರ ಕಚೇರಿ.
ಗೋಡೆ ಕೆರೆದರೆ ಇನ್ನೂ ಹಿಟ್ಟು ಉದುರುತ್ತಿತ್ತು.
ಮೇಜು ಒಂದೇ. ಹಗಲು ಅವನದು, ರಾತ್ರಿ ಅವಳದು.
ಹಗಲು ಅವಳು ಶಾಲೆಯಲ್ಲಿ ರೇಖಾಗಣಿತ ಕಲಿಸಬೇಕಿತ್ತು;
ಅಲ್ಲದೆ ಇಬ್ಬರೂ ಒಟ್ಟಿಗೆ ಕೂತರೆ
ದೀಪಕ್ಕೆ ಮೊದಲು ಜಗಳ ಹತ್ತಿಕೊಳ್ಳುತ್ತಿತ್ತು.

ಯಾತಕ್ಕೆ ಜಗಳ? ಮೂರು ಮಿಲಿಮೀಟರಿಗೆ.
ಕುತ್ತಿಗೆಯ ಕೀಲು ಅಷ್ಟು ಹಿಂದಕ್ಕಿರಲಿ ಅಂತ ಅವಳು,
ಮುಂದಕ್ಕಿರಲಿ ಅಂತ ಅವನು.
ನಾನು ದೇಸಿಯೊದಿಂದ ಟ್ರಾಮಿನಲ್ಲಿ ಬರುತ್ತಿದ್ದೆ, ಮಡಿಲಲ್ಲಿ ಗೋಣಿಚೀಲ.
ಏನಯ್ಯಾ ಅದು, ಅಂದ ಕಂಡಕ್ಟರು.
ತಲೆಗಳು, ಅಂದೆ. ಆರು.

ಮಾತು ಬಿಟ್ಟ ವಾರಗಳಲ್ಲಿ ದೀಪವೇ ಅವರ ನಡುವೆ ಓಡಾಡಿತು.
ನೆಟ್ಟಗಿದ್ದರೆ: ಒಪ್ಪಿದೆ.
ಅರ್ಧ ಬಾಗಿದ್ದರೆ: ಇನ್ನೂ ಯೋಚಿಸುತ್ತಿದ್ದೇನೆ, ಮುಟ್ಟಬೇಡ.
ಮೇಜಿಗೆ ಹಣೆ ಹಚ್ಚಿದ್ದರೆ: ನಿನ್ನೆ ಅಂದದ್ದು ತಪ್ಪಾಯಿತು.
ಇದನ್ನು ಕಂಡದ್ದು ಒಂದೇ ಸಲ.
ಯಾರು ಬಗ್ಗಿಸಿದ್ದರೋ ಕೇಳಲಿಲ್ಲ.
ಮೇಜಿನ ಮೇಲೆ ಎರಡು ಕಾಫಿ ಲೋಟ, ಒಂದು ಇನ್ನೂ ಬಿಸಿ.

ಇದೆಲ್ಲ ಹೊಳೆದದ್ದು ಹೇಗೆ, ಅಂತ ಪತ್ರಿಕೆಯವರು ಬಂದರು.
ಕಾಲುವೆಯ ಕೊಕ್ಕರೆ ನೋಡಿ, ಅಂದ ಅವನು.
ವೆರ್ಚೆಲ್ಲಿಯ ಭತ್ತದ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ತಾಯಿ
ನಡು ನೆಟ್ಟಗೆ ಮಾಡಿ ಮುಖ ಎತ್ತಿದ್ದು ನೋಡಿ, ಅಂದಳು ಅವಳು.
ಇರಬಹುದು.
ನಾನು ಕಂಡದ್ದು ಮಾತ್ರ ಇಷ್ಟು:
ರಾತ್ರಿ ಎರಡಕ್ಕೆ ಪೆನ್ಸಿಲು ಹಿಡಿದೇ ತೂಕಡಿಸಿ
ಜೋಲುವ ಅವಳ ತಲೆ,
ಥಟ್ಟನೆ ಎತ್ತಿದಾಗ ಆ ಕಣ್ಣು.

ದೀಪದ ಬುಡ ಕತ್ತಲೆ ಅನ್ನುತ್ತಾರಲ್ಲ,
ಇದರ ಬುಡದ ಕತ್ತಲೆ ಒಂದೂವರೆ ಕಿಲೊ.
ಎರಕದ ಕಬ್ಬಿಣ. ನಾನೇ ತೂಗಿದ್ದೇನೆ.

ಹೋದ ಚಳಿಗಾಲ ಕರೆ ಬಂತು:
ಗಾಜಿನೊಳಗೆ ರಾತ್ರಿ ಹೊತ್ತು ತಲೆ ತಾನಾಗಿ ಬಾಗುತ್ತಿದೆಯಂತೆ.
ಇಬ್ಬರೂ ಮಣ್ಣಾಗಿ ವರ್ಷಗಳೇ ಆದವು, ಕೀಲು ಬಲ್ಲವನು ನಾನೊಬ್ಬ.
ಬಿಳಿ ಕೈಗವಸಿನ ಹುಡುಗಿಯೊಬ್ಬಳು ಪಕ್ಕದಲ್ಲಿ ನಿಂತು
ನನ್ನ ಬೆರಳುಗಳನ್ನೇ ಕಾಯುತ್ತಿದ್ದಳು.
ಅಳೆದು ನೋಡಿದೆ. ಇದ್ದ ಹಾಗೇ ಇತ್ತು:
ಹಿಂದಕ್ಕೂ ಅಲ್ಲ, ಮುಂದಕ್ಕೂ ಅಲ್ಲ,
ನಡುವೆ, ಒಂದೂವರೆ ಮಿಲಿಮೀಟರಿನಲ್ಲಿ.
ಅವಳಿಗೆ ಹಿಂದೆ ಇಟ್ಟೆ ಅಂದಿದ್ದೆ, ಅವನಿಗೆ ಮುಂದೆ.
ನೋಡಿದೆಯಾ, ನಾನು ಹೇಳಲಿಲ್ಲವೆ, ಅಂದಿದ್ದರು
ಇಬ್ಬರೂ, ಬೇರೆ ಬೇರೆ ಹೊತ್ತಿನಲ್ಲಿ.

ತಿರುಪು ಬಿಗಿ ಮಾಡಿದೆ, ತುಸು ಸಡಿಲ ಉಳಿಸಿ.
ಸರಿಹೋಯಿತೆ? ಅಂದಳು ಹುಡುಗಿ.
ಹೂಂ ಅಂದೆ.

ದೇಸಿಯೊಗೆ ಈಗ ಟ್ರಾಮು ಇಲ್ಲ.
ಬಸ್ಸಿನ ಕಿಟಕಿಗೆ ಹಣೆ ಬಡಿದು ಎಚ್ಚರಾದಾಗ
ನನ್ನ ನಿಲ್ದಾಣ ದಾಟಿತ್ತು.