ಹದಿನೇಳು ನೇಗಿಲು

ತಂಗಿಯ ಮೊಮ್ಮಗಳು ರೆನಿಟಾ ಕೊಣಾಜೆಯಿಂದ ಬಸ್ಸಲ್ಲಿ
ಕುಲಶೇಖರಕ್ಕೆ ಬಂದಳು ಮೊನ್ನೆ, ಚೀಲದ ತುಂಬ ಕಾಗದ.
ಅವಳ ಓದು ದೂರದ್ದು: ಅಮೆರಿಕದ ಇರೊಕ್ವಾ ಜನ,
ಆರು ಕುಲ ಸೇರಿ ತಮ್ಮನ್ನು ಒಂದೇ ಉದ್ದಮನೆ ಎಂದುಕೊಂಡವರು.
ಹೊಸತಾಗಿ ಹುಟ್ಟಿದ ಸರ್ಕಾರ ಅವರಿಗೆ ಕಳಿಸಿದ್ದು
ನೇಗಿಲು, ಗುದ್ದಲಿ, ನೂಲುವ ರಾಟೆ.

ಗಂಡಸರು ಬೇಟೆ ಬಿಟ್ಟು ಉಳಲಿ,
ಹೆಂಗಸರು ಒಳಗೆ ಕೂತು ನೂಲಲಿ, ಎಂದಿತಂತೆ.
"ಜೋಳ, ಅವರೆ, ಕುಂಬಳ, ಮೂರನ್ನೂ ಒಂದೇ ದಿಬ್ಬದಲ್ಲಿ
ಅಕ್ಕತಂಗಿಯರ ಹಾಗೆ ಬೆಳೆಸುತ್ತಿದ್ದದ್ದು
ಹೆಂಗಸರೇ, ಅಜ್ಜ. ನೂರಾರು ವರ್ಷದಿಂದ."
ನಾನು ಚಹಾ ಸೋಸುತ್ತಿದ್ದೆ. ಕೈ ನಿಂತಿತು.

ಎಪ್ಪತ್ತನಾಲ್ಕು. ಹಿರಿಯಡಕದ ಆಚೆ, ಮುರಕಲ್ಲಿನ ಗುಡ್ಡ.
ಗ್ರಾಮಸೇವಕ ಲಿಗೋರಿ ಮಿನೇಜಸ್, ವಯಸ್ಸು ಇಪ್ಪತ್ತಾರು,
ಲಾರಿಯಲ್ಲಿ ಹದಿನೇಳು ಕಬ್ಬಿಣದ ನೇಗಿಲು, ಹಸಿ ಬಣ್ಣದ ವಾಸನೆ.
ಕೊರಗರ ಕೊಪ್ಪಗಳ ಮುಂದೆ ಗಂಡಸರನ್ನಷ್ಟೆ ಸಾಲು ನಿಲ್ಲಿಸಿ
ಹೆಸರು ಬರೆದುಕೊಂಡೆ: ಮೆಣ್ಪ, ಬೊಗ್ರ, ಕಾಡ್ಯ...
ಬುಟ್ಟಿ ನೇಯ್ದು ಇನ್ನೆಷ್ಟು ದಿನ? ಕಾಡು ಇಲಾಖೆಯದ್ದು,
ಬೀಳು ಕೊಯ್ದರೆ ಕೇಸು. ಉಳುವವನೇ ಮನುಷ್ಯ, ಎಂದೆ.
ಹಾಗೇ ಎಂದೆ. ಯಾರೂ ಬರೆದುಕೊಟ್ಟದ್ದಲ್ಲ.
ಅವರು ತಲೆಯಾಡಿಸಿದರು,
ಒಪ್ಪಿಯೋ, ಬಿಸಿಲಿಗೋ.

ಹಿಂದೆ, ನೆರಳಿನ ತುಂಡೊಂದರಲ್ಲಿ, ಮೆಣ್ಪನ ಹೆಂಡತಿ ಬಾಗಿ.
ಮೊಣಕಾಲ ನಡುವೆ ಅರ್ಧ ನೇಯ್ದ ಮೀನಿನ ಬುಟ್ಟಿ.
ಅವಳ ಬೆನ್ನ ಹಿಂದೆ ನಾನು ನೋಡಿಯೂ ನೋಡದ್ದು:
ಕಲ್ಲಿನ ಸಂದಿಗೆ ತಲೆಹೊರೆಯಲ್ಲಿ ಮಣ್ಣು ತಂದು ತುಂಬಿ
ಕೆಸು, ಮರಗೆಣಸು, ಮುಳ್ಳುಸೌತೆ,
ಬೂದಿ ತಿಂದು ಕೊಬ್ಬಿದ ಬಸಳೆಯ ಚಪ್ಪರ.
ಇಡೀ ಗುಡ್ಡಕ್ಕೆ ಇದ್ದ ಹಸಿರು ಅಷ್ಟೆ.

"ಒಡೆಯರೆ, ಇದನ್ನು ಎಳೆಯುವುದು ಯಾರು?"
ಎತ್ತು ಮುಂದಿನ ಬಜೆಟ್ಟಿಗೆ, ಎಂದೆ.
"ಉಳುವ ಗದ್ದೆ?"
ಅದೂ ಅರ್ಜಿಯಲ್ಲಿ ಉಂಟು.
ಅವಳು ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.
ಬುಟ್ಟಿಯ ಬಾಯಿಕಟ್ಟು ಎಳೆದು ಬಿಗಿ ಮಾಡಿದಳು.

ಆರು ತಿಂಗಳು ಬಿಟ್ಟು ತಪಾಸಣೆಗೆ ಹೋದಾಗ
ಹದಿನಾರು ನೇಗಿಲು ಕಾರ್ಕಳದ ಗುಜರಿ ತಕ್ಕಡಿ ಹತ್ತಿಯಾಗಿತ್ತು.
ಒಂದು ಮಾತ್ರ ಬಾಗಿಯ ಅಂಗಳದಲ್ಲಿ
ತಲೆಕೆಳಗಾಗಿ ನೆಟ್ಟು ನಿಂತಿತ್ತು, ಚಪ್ಪರಕ್ಕೆ ಕಂಬವಾಗಿ.
ವರದಿ ಬರೆದೆ: "ವಿತರಣೆ ಹದಿನೇಳು. ಫಲಾನುಭವಿಗಳು
ಕೃಷಿಯಲ್ಲಿ ಆಸಕ್ತಿ ತೋರಿರುವುದಿಲ್ಲ."
ಹೊರಡುವಾಗ ಅವಳು ಒಂದು ಕಟ್ಟು ಬಸಳೆ ಕೊಟ್ಟಳು.
ದುಡ್ಡು ಅವಳು ಕೇಳಲಿಲ್ಲ, ನಾನು ಕೊಡಲಿಲ್ಲ.
ಅಮ್ಮ ಸೀಗಡಿ ಹಾಕಿ ಪದಾರ್ಥ ಮಾಡಿದರು,
ಉಳಿದ ದಂಟು ಬಾವಿಕಟ್ಟೆಯ ಬದಿಗೆ ಊರಿದರು.

ರೆನಿಟಾ ಹೇಳುತ್ತಾಳೆ: ಹಳೆಯ ಒಪ್ಪಂದದಂತೆ ಅಲ್ಲಿಗೆ
ಇಂದಿಗೂ ವರ್ಷಕ್ಕೊಮ್ಮೆ ಬಟ್ಟೆ ಬರುತ್ತದೆ.
ಹಣ ಅಂದಿನಷ್ಟೇ, ಹಾಗಾಗಿ ಹೆಚ್ಚಿನವರ ಪಾಲಿಗೆ
ಬರುವ ತುಂಡು ಸಣ್ಣದಾಗುತ್ತ ಬಂದಿದೆ.
ಬೇಡ ಎನ್ನುವುದಿಲ್ಲವಂತೆ ಅವರು.
ಮಾತು ಕೊಟ್ಟವರ ಬಾಯಿ ಮುಚ್ಚದ ಹಾಗೆ
ಕರವಸ್ತ್ರದಷ್ಟಾದರೂ ಇರಲಿ ಎಂದು.

"ಆ ಹೆಂಗಸಿನ ಹೆಸರು ನಿಮ್ಮ ವರದಿಯಲ್ಲಿ ಉಂಟಾ?"
ಮೆಣ್ಪನ ಹೆಂಡತಿ ಎಂದು ಕೂಡ ಇಲ್ಲ.
ಅವಳು ಪೆನ್ನಿನ ಮುಚ್ಚಳ ತೆಗೆದು ಕಾದಳು.
ಹೇಳಿದೆ. ಎರಡೇ ಅಕ್ಷರ, ಐವತ್ತು ವರ್ಷ ಹಿಡಿಯಿತು.

ಚಹಾ ಆರಿತ್ತು. ಕತ್ತಿ ಹುಡುಕುತ್ತ ಹಿತ್ತಲಿಗೆ ಇಳಿದೆ:
ಬಾವಿಯ ಬದಿಯ ಬಸಳೆ ಬಲಿಯುತ್ತಿದೆ,
ಹುಡುಗಿ ಹೊರಡುವ ಮೊದಲು ಕೊಯ್ಯಬೇಕು.