ಏಳನೇ ನಂಬರು

ಸ್ಟೋರಿನಲ್ಲಿ ಇದ್ದದ್ದೇ ಏಳು.
ನನ್ನದು ನಾಲ್ಕು. ಗುಮಾಸ್ತ ಲೆಡ್ಜರಿನಿಂದ ತಲೆಯೆತ್ತದೆ
"ಹೆಂಗಸರ ನಂಬರು ಬಂದಾಗ ಬರ್ತದೆ, ಸೈನ್ ಹಾಕಿ" ಅಂದ.
ಹಾಕಿದೆ.
ಬೂಟಿನ ಮೂತಿಗೆ ಹಳೇ ಪೇಪರು ತುರುಕಿದೆ.
ನಿಧನದ ಪುಟ, ಚಿನ್ನದ ದರ, ಯಾರದೋ ಚುನಾವಣೆ,
ಎಲ್ಲವೂ ಬೆವರಿಗೆ ಹಿಟ್ಟಾಗಿ
ಹೆಬ್ಬೆರಳಿಗೆ ಮೆತ್ತಿಕೊಂಡವು.

ಯಲಿಯೂರು ದಾಟಿದ ಮೇಲೆ ನನ್ನ ಬೀಟು.
ಹೆಗಲಲ್ಲಿ ಸ್ಪ್ಯಾನರು, ಕೈಯಲ್ಲಿ ಸುತ್ತಿಗೆ,
ಸಡಿಲಾದ ಕ್ಲಿಪ್ಪು ಕಂಡಲ್ಲಿ ಎರಡೇಟು.
ಈ ಸ್ಲೀಪರುಗಳ ಲೆಕ್ಕ ಹಾಕಿದವನು ಯಾರೋ,
ನಡೆಯುವವರನ್ನು ನೋಡಿದವನಲ್ಲ:
ಒಂದೊಂದೇ ತುಳಿದರೆ ಕೋಳಿ ಹೆಜ್ಜೆ,
ಎರಡೆರಡು ದಾಟಿದರೆ ನಾಲೆ ಹಾರಿದಂತೆ.
ನಡುವೆ ಜಲ್ಲಿಗಿಳಿದರೆ
ಒಂದೊಂದು ಕಲ್ಲೂ ತನ್ನ ಹೆಸರು ಹೇಳುತ್ತದೆ
ಅಂಗಾಲಿಗೆ.

ಮೂರು ತಿಂಗಳಿಗೆ,
ಬೆಳಿಗ್ಗೆ ಚಾಪೆಯಿಂದ ಎದ್ದ ಮೊದಲ ಹೆಜ್ಜೆಗೆ
ಹಿಮ್ಮಡಿಯಲ್ಲಿ ಮೊಳೆ.
ಗೋಡೆ ಹಿಡಿದು ಒಲೆಯ ತನಕ ಹೋಗಿ
ಹಾಲಿಟ್ಟು, ಒಂಟಿ ಕಾಲಲ್ಲಿ ನಿಂತು ಕಾಯುತ್ತಿದ್ದೆ,
ಕೆರೆಯ ಕೊಕ್ಕರೆ ಥರ.
ಮೇಸ್ತ್ರಿ ದೊರೆರಾಜಣ್ಣನೇ ಹೇಳಿದ್ದು:
"ಪೇಪರು ಕಿತ್ತು ಬಿಸಾಕು ಚಿಕ್ಕತಾಯಿ,
ಒಳ ಅಟ್ಟೆ ಹಾಕಿಸ್ಕೊ."

ಪೇಟೆ ಬೀದಿಯ ಕರಿಸಿದ್ದಯ್ಯ
ಮೊದಲ ದಿನ ವಾಪಸು ಕಳಿಸಿದ.
"ಬೆಳಗಿನ ಕಾಲು ಸುಳ್ಳೇಳ್ತದೆ ಕಣವ್ವ.
ದುಡಿದು ಊದಿಸ್ಕೊಂಡು ಸಂಜೆ ಬಾ.
ಅದೇ ಬೂಟು, ಅದೇ ಕಾಲುಚೀಲ."

ಸಂಜೆ ಮೂರು ಜೊತೆ ಹರಡಿದ.
ಒಂದು ಸ್ಪಂಜು, ಎಂಬತ್ತು ರೂಪಾಯಿ,
ಹೆಬ್ಬೆರಳಲ್ಲಿ ಒತ್ತಿದರೆ ನೆಲ ಸಿಗುತ್ತಿತ್ತು.
ಒಂದು ನೀಲಿ ಜೆಲ್ಲು, ಲೋಳೆಸರದ ಹಾಗೆ ತಣ್ಣಗೆ;
ನನಗೆ ಅದೇ ಬೇಕೆನಿಸಿತು.
"ಮೆತ್ತಗಿರಾದೆಲ್ಲಾ ಒಳ್ಳೇದಲ್ಲ.
ಕೆಸರೂ ಮೆತ್ತಗೇ ಇರ್ತದೆ,
ಆರು ಮೈಲಿ ಕೆಸರಲ್ಲಿ ನಡೀತೀಯಾ?"
ಮೂರನೆಯದು ಗಟ್ಟಿ, ಬಿರಡೆ ಮರದ್ದು, ಮೇಲೆ ತೆಳು ಚರ್ಮ,
ಹಿಮ್ಮಡಿಗೆ ಬಟ್ಟಲಿನಂಥ ತಗ್ಗು,
ನಡುವೆ ಸಣ್ಣದೊಂದು ದಿಬ್ಬ.
ಬಗ್ಗಿಸಿ ತೋರಿಸಿದ: ಬೆರಳ ಬುಡದಲ್ಲಿ ಮಾತ್ರ ಬಗ್ಗಿತು,
ಉಳಿದದ್ದು ಹಟ ಹಿಡಿಯಿತು.

ಆಮೇಲೆ ಚೊಂಬಿನಿಂದ ನೀರು ಸುರಿದು
"ಸಿಮೆಂಟಿನ ಮೇಲೆ ನಡಿ" ಅಂದ.

ಹಾಗೆ ನಡೆಸಿದ್ದರು ಒಮ್ಮೆ ನನ್ನನ್ನು.
ಹೆಣ್ಣು ನೋಡಲು ಪಾಂಡವಪುರದಿಂದ ಬಂದ ಮುದುಕಿ
ಜಗಲಿಯ ಮೇಲೆ ಬಗ್ಗಿ
ನನ್ನ ಒದ್ದೆ ಎಡಗಾಲನ್ನು ಓದಿ
ಕಾಫಿ ಮುಟ್ಟದೆ ಎದ್ದಿದ್ದಳು.
ಅವ್ವ ಆ ಗುರುತನ್ನು ಸೆರಗಲ್ಲಿ ಒರೆಸಿದ್ದಳು,
ಅದು ತಾನಾಗೇ ಆರುವ ಮೊದಲು.

ಕರಿಸಿದ್ದಯ್ಯನೂ ಬಗ್ಗಿದ. ಕನ್ನಡಕ ಏರಿಸಿದ.
ಬಲಗಾಲು, ಸೊಂಟವಿರುವ ಹುಡುಗಿ.
ಎಡಗಾಲು, ಉದ್ದಕ್ಕೂ ಒಂದೇ ಅಗಲ, ಹಲಗೆ.
ನಾನು ಉಸಿರು ಹಿಡಿದೆ.
"ಎಡಕ್ಕೆ ಒಂದು ಪದರ ಜಾಸ್ತಿ ಕೊಡಾನ" ಅಂದ,
ಅಷ್ಟೇ.
ಉಳಿಗೆ ಎಣ್ಣೆ ಸವರಿ
ಬೆರಳ ಕಡೆಯಿಂದ ಕೊಯ್ದ, ಹಿಮ್ಮಡಿ ಮುಟ್ಟಲಿಲ್ಲ.
ಬೂಟಿನೊಳಗಿನ ಹಳೇ ಅಟ್ಟೆ ಕಿತ್ತು ತೆಗೆದ
("ಅದರ ಮ್ಯಾಲೆ ಇದ ಹಾಕಿದ್ರೆ ಬೆರಳು ಸಾಯ್ತವೆ"),
ಮುನ್ನೂರೈವತ್ತು ಹೇಳಿ ಮುನ್ನೂರಕ್ಕೆ ಇಳಿದ.
ಹಳೇ ಪೇಪರಿನ ಉಂಡೆ ಚರಂಡಿಗೆ ಹೋಯಿತು.

ಮೊದಲ ವಾರ ಅದೂ ನೋವೇ.
ಯಾರೋ ಅಂಗಾಲ ಕೆಳಗೆ ಮುಷ್ಟಿಯಿಟ್ಟು
"ಏಳು, ಏಳು" ಅಂದ ಹಾಗೆ.
ಬೂಟು ಇನ್ನೂ ಏಳೇ. ಮೂತಿಯಲ್ಲಿ ಜಾಗ ಇದ್ದೇ ಇದೆ,
ನಾಲ್ಕನೆಯ ನಂಬರಿಗೆ ಕೊಟ್ಟ ಅರ್ಜಿ
ಮೈಸೂರಿನಲ್ಲಿ ಯಾವ ಮೇಜಿನ ಮೇಲೋ.

ಈಗ ಬೀಟು ಮುಗಿಸಿ ಬಂದು
ಕ್ವಾಟ್ರಸಿನ ಮೆಟ್ಟಿಲಲ್ಲಿ ಕಾಲು ತೊಳೆದು
ಒಳಗೆ ಹೋಗುವ ಮುನ್ನ ಒಮ್ಮೆ ತಿರುಗಿ ನೋಡುತ್ತೇನೆ.
ಎರಡು ಗುರುತು.
ಎಡದ್ದು ಆರಲು
ಒಸಿ ಹೊತ್ತು ಹೆಚ್ಚು ಬೇಕು.