ಮುರಿದ ಬಗೆ

ಪೊನ್ನಂಪೇಟೆಯ ಕಾಲೇಜಿನಲ್ಲಿ ನನಗಿರುವುದು ಮುರಿಯುವ ಕೆಲಸ.
ಇಪ್ಪತ್ತೆರಡು ವರ್ಷದಿಂದ
ಸರಳು, ತಂತಿ, ಇಟ್ಟಿಗೆ, ಸಿಮೆಂಟಿನ ಗಟ್ಟಿ,
ಒಮ್ಮೆ ಪ್ರಿನ್ಸಿಪಾಲರ ಕುರ್ಚಿಯ ಕಾಲನ್ನು ಕೂಡ
ಯಂತ್ರದ ಎರಡು ದವಡೆಗಳ ನಡುವೆ ಕಚ್ಚಿಸಿ
ಎಳೆದು, ಬಗ್ಗಿಸಿ, ಅಂಕಿ ಬರೆದಿದ್ದೇನೆ.
ಅದಕ್ಕೆ ಸಂಬಳ ಕೊಡುತ್ತಾರೆ.
ಮನೆಯಲ್ಲಿ ಲೋಟ ಒಡೆದರೆ ಬೈಗುಳ.

ದೇಚಮ್ಮ ಕೊನೆಯ ವರ್ಷದ ಹುಡುಗಿ, ಹಾಫ್‌ಬ್ಯಾಕ್,
ಎಡ ಮೊಣಕಾಲಿನಲ್ಲಿ ನಾಲ್ಕು ಹೊಲಿಗೆಯ ಗುರುತು.
ಅವಳಿಗೆ ಹಾಕಿ ಸ್ಟಿಕ್ಕೂ ಬೇಕು, ಪ್ರಾಜೆಕ್ಟೂ ಬೇಕು;
ಎರಡನ್ನೂ ಒಂದೇ ಅಚ್ಚಿನಲ್ಲಿ ಹೊಯ್ಯಲು ಹೊರಟಿದ್ದಳು:
ಹೊರಗೆ ಗಾಜಿನ ನಾರಿನ ಬಟ್ಟೆ, ಒಳಗೆ ಬಾಳೆ ನಾರು,
ಎರಡನ್ನೂ ಹಿಡಿದು ಕೂರಿಸಲು ಎಪಾಕ್ಸಿ.
"ಬರಿ ಗಾಜಿನ ಸ್ಟಿಕ್ಕಲ್ಲಿ ಹೊಡೆದ್ರೆ ಸಾರ್,
ಚೆಂಡು ಹೋಗುತ್ತೆ, ಏಟು ನನ್ನ ಮೊಣಕೈಯಲ್ಲೇ ಉಳಿಯುತ್ತೆ."

ನಾರು ಕೊಟ್ಟವಳು ಚೋಮಿ.
ಗೊನೆ ಕಡಿದ ಮೇಲೆ ತೋಟದಲ್ಲಿ ಬಿದ್ದ ದಿಂಡುಗಳ
ಪಟ್ಟೆ ಬಿಡಿಸಿ, ಮೊಂಡು ಕತ್ತಿಯಿಂದ ಹೆರೆದು,
ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಹರವಿ,
ಕೂದಲಿನಂತೆ ಬಾಚಿ ಕಟ್ಟು ಕಟ್ಟಿ ಕಳಿಸಿದಳು.
ಕಿಲೋಗೆ ಎಷ್ಟು ಕೊಡುವುದೆಂದು
ಕಾಲೇಜಿನ ಲೆಕ್ಕದವರು ಮೂರು ವಾರ ಚರ್ಚಿಸಿದರು.

ಮೊದಲು ಬರಿ ಗಾಜು.
ಗೆರೆ ನೆಟ್ಟಗೆ ಏರಿತು, ಏರಿತು, ಏರಿ
ಟಪ್.
ಪರದೆಯ ಮೇಲೆ ಬಂಡೆಯ ಅಂಚು, ಅದರಾಚೆ ಏನಿಲ್ಲ.

ಆಮೇಲೆ ಬೆರಕೆ.
ಏರಿದ್ದು ಅದರ ಮೂರರಲ್ಲೆರಡು ಪಾಲು, ಅಷ್ಟೇ.
ಚಿಟ್, ಚಿಟ್, ಒಲೆಗಿಟ್ಟ ಹಸಿ ಸೌದೆಯ ಸದ್ದು.
ಗೆರೆ ಜಾರಿ, ನಿಂತು, ಮತ್ತೆ ಜಾರಿ
ಹೊರೆ ಹೊತ್ತವರು ಇಳಿಜಾರಿನಲ್ಲಿ ಇಳಿವಂತೆ ಇಳಿಯಿತು.
ದೇಚಮ್ಮ ಪೆನ್ನು ಕೆಳಗಿಟ್ಟಳು. "ಸೋತ್ವಿ."
ಎತ್ತರ ಮಾತ್ರ ನೋಡಬೇಡ, ಎಂದೆ,
ಗೆರೆಯ ಅಡಿಯ ಜಾಗ ನೋಡು,
ಮುರಿಯುವ ಮೊದಲು ಎಷ್ಟು ನುಂಗಿದೆ ಅದು.
ಪಠ್ಯದಲ್ಲಿದ್ದದ್ದನ್ನೇ ಹೇಳಿದ್ದು. ಅವಳು ಒಪ್ಪಲಿಲ್ಲ.

ಹಣಕ್ಕೆಂದು ಬಂದ ಚೋಮಿ
ಬಾಗಿಲಲ್ಲೇ ಕೊಡೆ ಮಡಚಿ "ನನ್ನದು ಯಾವುದು?" ಎಂದಳು.
ಮುರಿದ ತುಂಡು ಕೈಗಿಟ್ಟೆ.
ಭೂತಗನ್ನಡಿ ಚಾಚಿದರೆ ಬೇಡವೆಂದು
ಹೆಬ್ಬೆರಳಲ್ಲಿ ಮುರುಕಿನ ಬಾಯಿ ಸವರಿದಳು.
ನಾರಿನ ತುದಿಗಳು ಬ್ರಷ್ಷಿನಂತೆ ನಿಂತಿದ್ದವು.
"ಇದು ತುಂಡಾಗಿದ್ದಲ್ಲ. ಅಂಟಿಂದ ಜಾರಿ ಬಂದಿದ್ದು.
ಮೈಮೇಲೆ ಜಿಡ್ಡಿದ್ರೆ ಅಂಟು ಹೇಗೆ ಹಿಡೀತದೆ?
ಬೂದಿನೀರಲ್ಲಿ ನೆನೆಸಿದ್ರಾ?"

ದೇಚಮ್ಮ ನನ್ನ ಮುಖ ನೋಡಿದಳು, ನಾನು ಕಪಾಟು ನೋಡಿದೆ.
ಅಲ್ಲೇ ಇತ್ತು ಕಾಸ್ಟಿಕ್ ಸೋಡಾ, ಮುಚ್ಚಳದ ಮೇಲೆ ಧೂಳು.
ಗೈಡ್ ಬರೆದುಕೊಟ್ಟಿದ್ದರು; ನಾವು ಅವಸರದಲ್ಲಿ ಬಿಟ್ಟಿದ್ದೆವು.

ನೂರಕ್ಕೆ ಐದು ಪಾಲು ಸೋಡಾ, ನಾಲ್ಕು ಗಂಟೆ.
ತೊಳೆದ ನೀರು ಚಹಾದ ಬಣ್ಣ.
ಜುಲೈ ತಿಂಗಳು, ಬಿಸಿಲು ಯಾರಿಗಿದೆ,
ಓವನ್ನಿನಲ್ಲಿ ಒಣಗಿಸಿದೆವು.
ತೊಟ್ಟಿಯಲ್ಲಿ ಮುಳುಗಿಸಿಟ್ಟ ತುಂಡುಗಳನ್ನು ದಿನಾ ತೂಗಿದೆವು:
ಗಾಜು ನೀರು ಮುಟ್ಟಲಿಲ್ಲ,
ಬಾಳೆಯ ತುಂಡು ಕುಡಿಕುಡಿದು ಊದಿತು,
ಗಾಜು ಹೊದ್ದ ಬಾಳೆ ಒಂದು ಗುಟುಕಿಗೆ ಸಾಕೆಂದಿತು.

ಎರಡನೆಯ ಎಳೆತದಲ್ಲಿ ಗೆರೆ ಇನ್ನಷ್ಟು ಏರಿತು.
ಗಾಜಿನಷ್ಟಲ್ಲ. ಆಗಲೂ ಅಲ್ಲ.
ಸ್ಟಿಕ್ಕು ಮೂವತ್ತು ಗ್ರಾಂ ಹೆಚ್ಚು ತೂಗಿತು,
ಅದಕ್ಕೂ ಗೊಣಗಿದಳು.
ಸಂಜೆ ಮೈದಾನದಲ್ಲಿ ಕೆಸರು ಹಾರುವಂತೆ ಹೊಡೆದು
ಕೈಯನ್ನೇ ನೋಡುತ್ತಾ ನಿಂತಳು,
ಜುಮ್ಮೆನ್ನಬೇಕಾದದ್ದು ಎಲ್ಲಿ ಹೋಯಿತೆಂದು.
ಅಷ್ಟರಲ್ಲಿ ಚೆಂಡು ಚರಂಡಿ ದಾಟಿತ್ತು.

ಅಂಕಿಗಳನ್ನು ಯಂತ್ರವೇ ಅಚ್ಚು ಹಾಕುತ್ತದೆ.
ರಿಜಿಸ್ಟರಿನ ಕೊನೆಯ ಕಾಲಂ, 'ಮುರಿದ ಬಗೆ',
ಕೈಯಲ್ಲಿ ತುಂಬಬೇಕು.
ಗಾಜಿಗೆ 'ಒಮ್ಮೆಲೇ' ಎಂದು ಬರೆದಿದ್ದೆ.
ಇದಕ್ಕೆ 'ಬಾಳೆ ಮೊದಲು, ಗಾಜು ಆಮೇಲೆ,
ನಡುವೆ ಸ್ವಲ್ಪ ಹೊತ್ತು ಒಂದನ್ನೊಂದು ಹಿಡಿದು'
ಎಂದು ಬರೆಯುವಾಗ ಜಾಗ ಸಾಲದೆ ಅಂಚಿಗೆ ಹೋದೆ.
'ಪರೀಕ್ಷಿಸಿದವರು' ಎಂಬಲ್ಲಿ
ನನ್ನ ಸಹಿಯ ಪಕ್ಕ ಒಂದು ಬೆರಳಿನಷ್ಟು ಖಾಲಿ ಬಿಟ್ಟಿದ್ದೇನೆ.
ಚೋಮಿಯ ಎರಡನೆ ಕಂತು ಇನ್ನೂ ಮಂಜೂರಾಗಿಲ್ಲ,
ಕೇಳಲು ಬರುತ್ತಾಳೆ.